ಬಿಎಸ್ಸಿ ಅಗ್ರಿ ಆದಮೇಲೆ ಸುಸ್ಥಿರ ಕೃಷಿ ಸಂಶೋಧನೆಯೋ, ಆರೋಗ್ಯ ಕ್ಷೇತ್ರದ ಎಐಯೋ? ಯಾವುದಕ್ಕೆ ಭವಿಷ್ಯವಿದೆ?

ನಾಲ್ಕೈದು ವರ್ಷದ ಹಿಂದೆ ಇದನ್ನು ನಾನೇ ಕೇಳಿದ್ದೆನೇನೋ ಅನ್ನಿಸಿತು. ಆಗ ಎರಡನ್ನೂ ಬೆರೆಸಿ ಭಾರೀ ಬುದ್ಧಿವಂತಿಕೆ ಮಾಡಿದೆ ಅಂದುಕೊಂಡಿದ್ದೆ. ಅಡಿಕೆಯ ಎಲೆಚುಕ್ಕೆ ರೋಗವನ್ನು ಫೋಟೋದಿಂದ ಗುರುತಿಸುವ ಆ್ಯಪ್! ರೋಗ ಇದ್ದಲ್ಲಿ ಮಾತ್ರ ಔಷಧಿ ಹೊಡೆದರೆ ದುಡ್ಡೂ ಉಳಿಯಿತು, ಮಣ್ಣೂ ಉಳಿಯಿತು. ಎಂಎಸ್ಸಿ ಥೀಸಿಸ್ಸಿಗೆ ಇನ್ನೇನು ಬೇಕು?

ತೀರ್ಥಹಳ್ಳಿ ಕಡೆ ಮೂರು ತೋಟ ಸುತ್ತಿ ಎರಡು ಸಾವಿರದಷ್ಟು ಫೋಟೋ ತೆಗೆದೆ. ಒಂದೊಂದು ಸೋಗೆಗೆ ಹತ್ತು ಹನ್ನೆರಡು. ಎಲ್ಲವನ್ನೂ ಇಸ್ಪೀಟಿನ ಹಾಗೆ ಕಲೆಸಿ, 80 ಪಾಲು ಮಾಡೆಲ್ಲಿನ (ಫೋಟೋ ನೋಡಿ ರೋಗ ಗುರುತಿಸಲು ಕಲಿಯುವ ಪ್ರೋಗ್ರಾಂ) ಕಲಿಕೆಗೆ, 20 ಪಾಲು ಪರೀಕ್ಷೆಗೆ ಹಂಚಿದೆ. ಫಲಿತಾಂಶ 98 ಪರ್ಸೆಂಟ್. ಗೈಡ್ ಬೆನ್ನು ತಟ್ಟಿದರು.

ಕೆಟ್ಟದ್ದು ಆ ಕಲೆಸುವಲ್ಲೇ. ಒಂದು ಸೋಗೆಯ ಒಂಬತ್ತು ಫೋಟೋ ಕಲಿಕೆಗೆ ಹೋಗಿ ಹತ್ತನೆಯದು ಪರೀಕ್ಷೆಗೆ ಬಂದರೆ, ಮಾಡೆಲ್ಲಿಗೆ ರೋಗ ತಿಳಿಯಬೇಕಿಲ್ಲ, ಸೋಗೆಯ ಗುರುತು ಸಿಕ್ಕರೆ ಸಾಕು. ಅದೇ ಹರಿದ ತುದಿ, ಹಿಂದೆ ಅದೇ ಬಾಳೆಗಿಡ, ಅದೇ ಬಿಸಿಲು. ಮನೆಪಾಠದಲ್ಲಿ ನಿನ್ನೆ ಮಾಡಿಸಿದ ಲೆಕ್ಕವೇ ಇವತ್ತು ಪರೀಕ್ಷೆಗೆ ಬಂದ ಹಾಗೆ. ಹಂಚಬೇಕಿದ್ದದ್ದು ಫೋಟೋಗಳನ್ನಲ್ಲ, ಮರಗಳನ್ನು. ಮರಗಳನ್ನೂ ಅಲ್ಲ, ತೋಟಗಳನ್ನು: ಎರಡರಲ್ಲಿ ಕಲಿಸಿ, ಮಾಡೆಲ್ ಕಣ್ಣಲ್ಲೂ ಕಾಣದ ಮೂರನೆಯದರಲ್ಲಿ ಪರೀಕ್ಷೆ. ಹೊಟ್ಟೆ ಉರಿಯುವುದೇಕೆಂದರೆ, ಎಲೆಯ ಫೋಟೋದಿಂದ ಬೆಳೆರೋಗ ಗುರುತಿಸುವ ಬಗೆಗಿನ 2016ರ ಪ್ಲಾಂಟ್‌ವಿಲೇಜ್ ಪ್ರಬಂಧವನ್ನು ನಾನು ಓದಿದ್ದೆ. 54,306 ಎಲೆಚಿತ್ರ, 99.35 ಪರ್ಸೆಂಟ್ ನಿಖರತೆ. ಒಂದೇ ಎಲೆಯ ಚಿತ್ರಗಳು ಎರಡೂ ಕಡೆ ಸೇರದಂತೆ ನೋಡಿಕೊಂಡೆವು ಅಂತ ಅದರಲ್ಲೇ ಬರೆದಿದ್ದಾರೆ. ನನ್ನ ಕಣ್ಣಿಗೆ ಬಿದ್ದದ್ದು 99.35 ಮಾತ್ರ. ಅಷ್ಟು ಎಚ್ಚರ ವಹಿಸಿದವರ ಮಾಡೆಲ್ಲೇ ಬೇರೆ ಕಡೆಯ ಚಿತ್ರ ಕೊಟ್ಟಾಗ 31ರ ಆಸುಪಾಸಿಗೆ ಇಳಿದಿತ್ತು. ಇನ್ನು ನನ್ನದು ಯಾವ ಲೆಕ್ಕ?

ದೊಡ್ಡಪ್ಪನ ತೋಟದಲ್ಲಿ ಆ್ಯಪ್ ‘ಎಲೆಚುಕ್ಕೆ’ ಎಂದಿತು. ಜನ ಸಿಗದ ಕಾಲದಲ್ಲಿ ಜನ ಹಿಡಿದು, ದೋಟಿಯಲ್ಲಿ ಎರಡು ಸಲ ಔಷಧಿ ಹೊಡೆಸಿದರು. ಆಮೇಲೆ ಮಣ್ಣು ಪರೀಕ್ಷೆ ಮಾಡಿಸಿದರೆ ಪೊಟ್ಯಾಷ್ ಕೊರತೆ! “ನಂಗೆ ಮೊದಲೇ ಅನುಮಾನ ಇತ್ತು ಮಾರಾಯ. ಓದಿದವ ಹೇಳ್ತಿದೀಯಲ್ಲ ಅಂತ ಸುಮ್ಮನಾದೆ” ಅಂದರು. ಬೈದಿದ್ದರೆ ವಾಸಿಯಿತ್ತು. ಔಷಧಿ ಉಳಿಸುವ ಆ್ಯಪ್ ಇದು, ನೆನಪಿರಲಿ. ಹೊಸ ಫೋಟೋಗೆ ಇನ್ನೊಂದು ಮಳೆಗಾಲ ಕಾದೆ. ಅಷ್ಟರಲ್ಲಿ ಫೆಲೋಶಿಪ್ ಮುಗಿದಿತ್ತು.

ಈಗ ನಾನಿರುವುದು ಎಕ್ಸ್‌ರೇ ಓದುವ ಎಐ ಕೆಲಸದಲ್ಲಿ. ಅಮೆರಿಕದ ಸರ್ಕಾರಿ ವೈದ್ಯಕೀಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ಬಿಡುಗಡೆ ಮಾಡಿದ ಎದೆ ಎಕ್ಸ್‌ರೇ ಸಂಗ್ರಹದಲ್ಲಿ 1,12,120 ಚಿತ್ರಗಳಿವೆ, ರೋಗಿಗಳು 30,805 ಮಾತ್ರ. ಒಬ್ಬೊಬ್ಬರದು ಮೂರು ನಾಲ್ಕು. ಕಲೆಸಿ ಹಂಚಿದರೆ ಮತ್ತೆ ಅದೇ ಕಥೆ. ಸೋಗೆಯ ಜಾಗದಲ್ಲಿ ಪಕ್ಕೆಲುಬು, ಅಷ್ಟೆ.

ಹಾಗಾಗಿ ನಿಮ್ಮ ‘ಇದೋ ಅದೋ’ ನನಗೆ ಒಪ್ಪಿಗೆಯಿಲ್ಲ. ಎಐಗೆ ಬೇಕಾದ ಪ್ರೋಗ್ರಾಮಿಂಗ್ ಭಾಷೆ ಪೈಥಾನ್ ಮೂರು ತಿಂಗಳಲ್ಲಿ ಯಾರಿಗೂ ಬರುತ್ತದೆ, ಅದಕ್ಕೆ ಲಕ್ಷಗಟ್ಟಲೆ ಫೀಸಿನ ಕೋರ್ಸ್ ಸೇರಬೇಡಿ. ಎಲೆ ನೋಡಿ ರೋಗವೋ ಗೊಬ್ಬರದ ಕೊರತೆಯೋ ಎಂದು ಅನುಮಾನಪಡುವ ಕಣ್ಣು ನಿಮಗೆ ಅಗ್ರಿಯಲ್ಲಿ ಬಂದಿರಬೇಕು, ಅದನ್ನು ಕಳೆದುಕೊಳ್ಳಬೇಡಿ. ವಿಷಯ ಬಿಡಿ, ಗೈಡ್ ನೋಡಿ ಸೇರಿ. ಮೊದಲ ಭೇಟಿಯಲ್ಲೇ ಕೇಳಿ: “ಸರ್, ಕಳೆದ ಪ್ರಾಜೆಕ್ಟಿನಲ್ಲಿ ಡೇಟಾ ಹಂಚಿದ್ದು ಫೋಟೋ ಲೆಕ್ಕದಲ್ಲೋ, ಮರದ ಲೆಕ್ಕದಲ್ಲೋ?” ಸಿಟ್ಟಾದರೆ ಕೊಟ್ಟ ಕಾಫಿ ಕುಡಿದು ಎದ್ದು ಬನ್ನಿ.