ದಾವಣಗೆರೆ ಸುತ್ತಮುತ್ತ ಹಕ್ಕಿ ನೋಡಲು ಏನಿದೆ? ಮಲೆನಾಡಿಗೇ ಹೋಗಬೇಕಾ?

ದಾವಣಗೆರೆಗೆ ಹೊಸದಾಗಿ ವರ್ಗವಾಗಿ ಬಂದಿದ್ದೀರಿ, ಹಕ್ಕಿ ನೋಡುವ ಆಸೆಯಿದೆ, ಈ ಬಯಲುಸೀಮೆಯಲ್ಲಿ ಏನು ಸಿಗುತ್ತೆ, ಅವುಗಳ ಉಳಿವಿಗೆ ನಾವು ಏನಾದರೂ ಮಾಡಬಹುದಾ ಅಂತ ಕೇಳಿದ್ದೀರಿ. ಇಲ್ಲೇ ಹುಟ್ಟಿ ಬೆಳೆದವನಾಗಿ ಹೇಳ್ತೀನಿ, ಮಲೆನಾಡು ಎಲ್ಲೂ ಹೋಗಲ್ಲ, ಮೊದಲು ನಮ್ಮ ಬಯಲು ನೋಡಿ.

ಶುರು ಮಾಡೋಕೆ ಕೆರೆಗಳೇ ಸುಲಭ. ಊರಲ್ಲೇ ಕುಂದುವಾಡ ಕೆರೆ ಇದೆ, ಹರಿಹರದ ಕಡೆ ಕೊಂಡಜ್ಜಿ, ಚನ್ನಗಿರಿ ತಾಲ್ಲೂಕಿನಲ್ಲಿ ಸೂಳೆಕೆರೆ. ನೀರುಕಾಗೆ, ಬೆಳ್ಳಕ್ಕಿ, ಮಿಂಚುಳ್ಳಿ ವರ್ಷವಿಡೀ ಸಿಗ್ತವೆ. ಚಳಿಗಾಲಕ್ಕೆ ಉತ್ತರದಿಂದ ಬಾತುಗಳು ಬರ್ತವೆ. ಬೆಳಗ್ಗೆ ಬಿಸಿಲೇರೋ ಮುಂಚೆ ಹೋಗಿ, ಸೂರ್ಯನಿಗೆ ಬೆನ್ನು ಕೊಟ್ಟು ನಿಂತ್ಕೊಳ್ಳಿ, ಬಣ್ಣ ಚೆನ್ನಾಗಿ ಕಾಣುತ್ತೆ.

ಆದರೆ ನನ್ನ ಜೀವ ಇರೋದು ಕುರುಚಲು ಗುಡ್ಡ ಮತ್ತು ಹುಲ್ಲುಗಾವಲಿನಲ್ಲಿ. ಚಿತ್ರದುರ್ಗದ ಜೋಗಿಮಟ್ಟಿಯ ಬಂಡೆಗಳ ನಡುವೆ ಹಳದಿ ಕತ್ತಿನ ಪಿಕಳಾರ ಇದೆ. ದಕ್ಷಿಣ ಭಾರತದ ಇಂಥ ಕಲ್ಲುಗುಡ್ಡಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ, ಅಳಿವಿನ ಅಪಾಯದ ಪಟ್ಟಿಯಲ್ಲೂ ಇದೆ. ಜಗಳೂರಿನ ರಂಗಯ್ಯನದುರ್ಗವನ್ನು ಎಲ್ಲರೂ ಕೊಂಡುಕುರಿ (ನಾಲ್ಕು ಕೊಂಬಿನ ಜಿಂಕೆಯಂಥ ಪ್ರಾಣಿ) ಅಭಯಾರಣ್ಯ ಅಂತಷ್ಟೇ ಗುರುತಿಸ್ತಾರೆ, ಆ ಕುರುಚಲಲ್ಲೂ ಕಿವಿಗೊಟ್ಟು ನಡೀರಿ, ಗೌಜಲಕ್ಕಿ ಕೂಗು ಕೇಳುತ್ತೆ.

ಬೇಸಿಗೆಯಲ್ಲಿ ಪಾಳುಬಿದ್ದ ಹೊಲದಲ್ಲಿ ಟಿಟ್ಟಿಭ ಒಂದೇ ಸಮ ಕಿರುಚುತ್ತಾ ತಲೆ ಮೇಲೆ ಸುತ್ತಿದರೆ ನಿಂತಲ್ಲೇ ನಿಂತು ನೆಲ ನೋಡಿ. ಅದರ ಗೂಡಿನಲ್ಲಿ ಕಡ್ಡಿಯಿಲ್ಲ, ಹುಲ್ಲಿಲ್ಲ. ಬೆಣಚುಕಲ್ಲುಗಳ ನಡುವೆ ಸಣ್ಣ ತಗ್ಗು, ಅದರಲ್ಲಿ ಸಾಮಾನ್ಯವಾಗಿ ನಾಲ್ಕು ಮೊಟ್ಟೆ, ಚೂಪು ತುದಿಗಳೆಲ್ಲ ಒಳಮುಖ. ಮೇಲಿನ ಕಪ್ಪು ಮಚ್ಚೆಗಳಿಂದಾಗಿ ಕಲ್ಲಿಗೂ ಮೊಟ್ಟೆಗೂ ವ್ಯತ್ಯಾಸವೇ ತಿಳಿಯಲ್ಲ. ಬಿಸಿಲು ಹೆಚ್ಚಾದಾಗ ತಾಯಿ ಇಲ್ಲವೇ ತಂದೆ ನೀರಿಗೆ ಹೋಗಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆ ಮೇಲೆ ಕೂರುತ್ತೆ, ಮೊಟ್ಟೆ ಬೇಯದಿರಲಿ ಅಂತ. ಇದನ್ನು ನೋಡಬೇಕು ಅಂದ್ರೆ ದೂರದಿಂದ, ದುರ್ಬೀನಿನಲ್ಲೇ ನೋಡಿ. ನೀವು ಹತ್ತಿರ ನಿಂತಷ್ಟು ಹೊತ್ತೂ ಮೊಟ್ಟೆಗೆ ನೆರಳಿಲ್ಲ. ಗೂಡಿನ ಫೋಟೋವನ್ನು ದಯವಿಟ್ಟು ವಾಟ್ಸಾಪಿಗೆ ಹಾಕಬೇಡಿ.

ಇನ್ನು ಉಳಿಸೋ ವಿಚಾರ. ಖಾಲಿ ಬಯಲು ಕಂಡರೆ ಗಿಡ ನೆಡೋಣ ಅಂತ ಒಳ್ಳೆ ಮನಸ್ಸಿನ ಜನ ಹೊರಡ್ತಾರೆ. ನನಗೆ ಹೆಚ್ಚು ಭಯ ಇದೇ. ನೆಲದ ಮೇಲೆ ಮೊಟ್ಟೆಯಿಡೋ ಹಕ್ಕಿಗೆ ದೂರದವರೆಗೂ ಕಾಣೋ ಬಯಲು ಬೇಕು, ಮರ ಬೆಳೆದರೆ ಕಾಗೆಗೆ ಕೂತು ಹೊಂಚೋಕೆ ಜಾಗ ಆಗುತ್ತೆ. ಜೊತೆಗೆ ಬಳ್ಳಾರಿ ಜಾಲಿ ಗೋಮಾಳವನ್ನೂ ಕೆರೆಯಂಗಳವನ್ನೂ ತಿಂದು ಹಾಕ್ತಿದೆ. ಗಿಡ ನೆಡೋದಾದರೆ ರಸ್ತೆ ಬದಿ, ಶಾಲೆ ಅಂಗಳ ಇವೆಯಲ್ಲ, ಅಲ್ಲಿ ಆಲ, ಗೋಣಿ, ಅತ್ತಿ ನೆಡಿ. ಹುಲ್ಲುಗಾವಲನ್ನು ಹುಲ್ಲುಗಾವಲಾಗೇ ಬಿಡೋಣ. ಕೆರೆ ಅಭಿವೃದ್ಧಿ ಅಂತ ಜೊಂಡೆಲ್ಲ ಕಿತ್ತು ಸುತ್ತ ಕಲ್ಲು ಕಟ್ಟಿದಾಗಲೂ ಇದೇ ಕಥೆ. ಕೆಸರಂಚು ಹೋದರೆ ಉದ್ದ ಕಾಲಿನ ಹಕ್ಕಿಗಳಿಗೆ ಮೇಯೋಕೆ ಜಾಗವೇ ಇಲ್ಲ. ನಿಮ್ಮ ವಾರ್ಡಿನಲ್ಲಿ ಇಂಥ ಕೆಲಸದ ಮಾತು ಬಂದಾಗ ಹೋಗಿ ಬಾಯಿಬಿಟ್ಟು ಹೇಳಿ. ಹಾಗೆ ಹೇಳೋರು ತುಂಬಾ ಕಮ್ಮಿ.

ಅದಕ್ಕೆ ದಾಖಲೆ ಕೈಯಲ್ಲಿರಬೇಕು. ಒಂದೇ ಕೆರೆ ಇಲ್ಲವೇ ಒಂದೇ ಗುಡ್ಡ ಹಿಡಿದು ಎಲ್ಲ ಕಾಲದಲ್ಲೂ ಹೋಗಿ, ಕಂಡದ್ದನ್ನು ಇ-ಬರ್ಡ್‌ನಲ್ಲಿ (ಯಾರು ಬೇಕಾದರೂ ಹಕ್ಕಿ ದಾಖಲಿಸಬಹುದಾದ ಜಾಲತಾಣ) ಹಾಕಿ. ಕಾಗೆ, ಗುಬ್ಬಿಯನ್ನೂ ಬರೀರಿ. ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಹಿತ್ತಲ ಹಕ್ಕಿ ಎಣಿಕೆ ನಡೆಯುತ್ತೆ, 15 ನಿಮಿಷ ನೋಡಿ ಬರೆದರೂ ಲೆಕ್ಕಕ್ಕೆ ಬರುತ್ತೆ, ಮಕ್ಕಳನ್ನೂ ಕೂರಿಸಿಕೊಳ್ಳಿ. ಗೌಜಲಕ್ಕಿಗೋ ಬುರ್ಲಿ ಹಕ್ಕಿಗೋ (ಕ್ವೇಲ್) ಬಲೆ ಹಾಕಿದ್ದು ಕಣ್ಣಿಗೆ ಬಿದ್ದರೆ ಜಗಳಕ್ಕಿಳಿಯಬೇಡಿ, ಜಾಗ ಗುರುತಿಟ್ಟುಕೊಂಡು ಹತ್ತಿರದ ಅರಣ್ಯ ಇಲಾಖೆ ಕಚೇರಿಗೆ ತಿಳಿಸಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಅದು ಅಪರಾಧ.

ದುರ್ಬೀನು ತಗೊಳ್ಳೋದಾದರೆ 8×42 ಸಾಕು, ಅಂದ್ರೆ ಎಂಟು ಪಟ್ಟು ಹಿಗ್ಗಿಸಿ ತೋರಿಸೋ, ಮುಂದಿನ ಮಸೂರ 42 ಮಿ.ಮೀ. ಅಗಲ ಇರೋದು.