ಎರಡು ಬ್ಲೆಂಡರ್ ಫೈಲ್ ಸೇರಿಸಲು ಲಿಂಕ್ ಒತ್ತಬೇಕಾ, ಅಪೆಂಡ್ ಒತ್ತಬೇಕಾ?

ಪ್ರಶ್ನೆ: ನಾನು ಮತ್ತು ಗೆಳೆಯ ಸೇರಿ ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್‌ನಲ್ಲಿ ಸಣ್ಣ ಅನಿಮೇಷನ್ ಮಾಡುತ್ತಿದ್ದೇವೆ. ಮನೆ, ಮರ, ಬೀದಿ ನನ್ನ ಫೈಲ್‌ನಲ್ಲಿವೆ. ಪಾತ್ರಗಳು ಅವನ ಫೈಲ್‌ನಲ್ಲಿವೆ, ಅವನಿನ್ನೂ ತಿದ್ದುತ್ತಲೇ ಇದ್ದಾನೆ. ಒಂದು ಮಾಡೋಣ ಅಂತ ಫೈಲ್ ಮೆನು ತೆರೆದರೆ ಲಿಂಕ್, ಅಪೆಂಡ್, ಇಂಪೋರ್ಟ್ ಮೂರೂ ಇವೆ. ಯಾವುದು ಸರಿ? ಅಪೆಂಡ್ ಮಾಡಿ ನೋಡಿದೆ, ಪಾತ್ರದ ಬಟ್ಟೆಯೆಲ್ಲ ಗುಲಾಬಿ ಬಣ್ಣಕ್ಕೆ ತಿರುಗಿತು.

ಉತ್ತರ: ಇಂಪೋರ್ಟ್ ಬಿಟ್ಟುಬಿಡಿ, ಅದು ಎಫ್‌ಬಿಎಕ್ಸ್, ಓಬಿಜೆ ಥರದ ಬೇರೆ ಫಾರ್ಮ್ಯಾಟ್‌ಗಳಿಗೆ. ಉಳಿದ ಎರಡರಲ್ಲಿ ನೀವು ಕೇಳಿಕೊಳ್ಳಬೇಕಾದ್ದು ಇಷ್ಟೇ: ಆ ಪಾತ್ರ ಮುಗಿದಿದೆಯಾ, ಇನ್ನೂ ಬದಲಾಗುತ್ತಾ?

ಅಪೆಂಡ್ ಮಾಡಿದರೆ ಪಾತ್ರದ ಪೂರ್ತಿ ನಕಲು ನಿಮ್ಮ ಫೈಲ್‌ಗೆ ಬರುತ್ತದೆ. ಆಮೇಲೆ ಅವನ ಫೈಲ್‌ಗೂ ನಿಮ್ಮದಕ್ಕೂ ಸಂಬಂಧವಿಲ್ಲ. ಅವನು ನಾಳೆ ಅಂಗಿ ಬದಲಿಸಿದರೆ ನೀವು ಹಳೆಯದನ್ನು ಅಳಿಸಿ ಮತ್ತೆ ತರಬೇಕು, ಅಷ್ಟರಲ್ಲಿ ನೀವು ಅದಕ್ಕೆ ಅನಿಮೇಷನ್ ಮಾಡಿದ್ದರೆ ಆ ಕೆಲಸವನ್ನೂ ಹೊಸ ಪಾತ್ರಕ್ಕೆ ಹೊಂದಿಸುತ್ತಾ ಕೂರಬೇಕು. ಲಿಂಕ್ ಹಾಗಲ್ಲ. ಪಾತ್ರ ಅವನ ಫೈಲ್‌ನಲ್ಲೇ ಇರುತ್ತದೆ, ನಿಮ್ಮದು ಅಲ್ಲಿಂದ ಓದಿಕೊಳ್ಳುತ್ತದೆ ಅಷ್ಟೇ. ಅವನು ಸೇವ್ ಮಾಡಿದ್ದು ನೀವು ಫೈಲ್ ಮತ್ತೆ ತೆರೆದಾಗ ತಾನಾಗಿ ಬರುತ್ತದೆ. ಹಾಗಾಗಿ ನಿಮಗೆ ಲಿಂಕೇ ಸರಿ.

ಲಿಂಕ್ ಒತ್ತಿ ಅವನ ಫೈಲ್ ಆರಿಸಿದರೆ ಒಳಗೆ ಆಕ್ಷನ್, ಕಲೆಕ್ಷನ್, ಮೆಟೀರಿಯಲ್, ಆಬ್ಜೆಕ್ಟ್ ಅಂತ ಫೋಲ್ಡರ್‌ಗಳು ಕಾಣುತ್ತವೆ. ಇಲ್ಲಿ ಕಲೆಕ್ಷನ್‌ಗೇ ಹೋಗಿ, ಅಂದರೆ ಆಬ್ಜೆಕ್ಟ್‌ಗಳ ಗುಂಪು. ಒಂದೊಂದೇ ಆಬ್ಜೆಕ್ಟ್ ಆರಿಸುತ್ತಾ ಹೋದರೆ ಕೂದಲೋ ಕಣ್ಣೋ ಅಲ್ಲೇ ಉಳಿದುಹೋಗುತ್ತದೆ. ಅದಕ್ಕೇ ಅವನು ಮೊದಲೇ ಪಾತ್ರದ ಎಲ್ಲ ಭಾಗಗಳನ್ನೂ ಒಂದು ಕಲೆಕ್ಷನ್‌ಗೆ ಹಾಕಿ ಹೆಸರಿಡಲಿ. ಆ ಹೆಸರನ್ನು ಆಮೇಲೆ ಬದಲಿಸಬಾರದು, ಬ್ಲೆಂಡರ್ ಹೆಸರು ನೋಡಿಯೇ ಹುಡುಕುವುದು, ಹೆಸರು ಬದಲಾದರೆ ಪಾತ್ರವೇ ಸಿಗುವುದಿಲ್ಲ.

ಲಿಂಕ್ ಆಗಿ ಬಂದ ಪಾತ್ರವನ್ನು ಅತ್ತಿತ್ತ ಸರಿಸಬಹುದು, ಆದರೆ ಕೈಕಾಲು ಆಡಿಸಲು ಆಗುವುದಿಲ್ಲ. ಜಾಸ್ತಿ ಜನ ಬೇಜಾರಾಗಿ ಲಿಂಕ್ ಬಿಡುವುದು ಇಲ್ಲೇ. ಪಾತ್ರ ಆರಿಸಿ, ಆಬ್ಜೆಕ್ಟ್ ಮೆನುವಿನಲ್ಲಿ ಲೈಬ್ರರಿ ಓವರ್‌ರೈಡ್, ಅದರೊಳಗೆ ಮೇಕ್ ಒತ್ತಿ. ಈಗ ಕೈಕಾಲು ಆಡಿಸುವ ಪೋಸ್ ಮೋಡ್‌ನಲ್ಲಿ ಅನಿಮೇಷನ್ ಮಾಡಬಹುದು, ಮೂಲ ಅವನ ಫೈಲ್‌ನಲ್ಲೇ ಇರುತ್ತದೆ. ಹಳೆಯ ಟ್ಯುಟೋರಿಯಲ್‌ಗಳು ಮೇಕ್ ಪ್ರಾಕ್ಸಿ ಅನ್ನುತ್ತವೆ. ಅದನ್ನು 3.2 ಆವೃತ್ತಿಯಲ್ಲೇ ತೆಗೆದಿದ್ದಾರೆ, ಸುಮ್ನೆ ಹುಡುಕಬೇಡಿ.

ಎರಡೂ ಫೈಲ್ ಒಂದೇ ಫೋಲ್ಡರ್‌ನಲ್ಲಿರಲಿ. ಲಿಂಕ್ ಮಾಡುವ ಮೊದಲು ನಿಮ್ಮದನ್ನು ಸೇವ್ ಮಾಡಿ, ಲಿಂಕ್ ವಿಂಡೋದಲ್ಲಿ ರಿಲೇಟಿವ್ ಪಾತ್ (ನಿಮ್ಮ ಫೈಲ್ ಇರುವ ಜಾಗದಿಂದ ಲೆಕ್ಕ ಹಾಕುವ ವಿಳಾಸ) ಟಿಕ್ ಆಗಿರಲಿ. ಆಗ ಆ ಫೋಲ್ಡರನ್ನು ಹಾಗೇ ಬೇರೆ ಕಂಪ್ಯೂಟರ್‌ಗೆ ಹಾಕಿದರೂ ಕೆಲಸ ಮಾಡುತ್ತದೆ.

ಗುಲಾಬಿ ಬಣ್ಣ ಅಂದರೆ ಟೆಕ್ಸ್‌ಚರ್ ಚಿತ್ರ, ಅಂದರೆ ಮೇಲ್ಮೈಗೆ ಅಂಟಿಸಿದ ಚಿತ್ರ, ಸಿಕ್ಕಿಲ್ಲ ಅಂತ. ಅಪೆಂಡ್ ಮಾಡಿದಾಗ ಬರುವುದು ಚಿತ್ರದ ವಿಳಾಸ ಮಾತ್ರ, ಚಿತ್ರ ಇನ್ನೂ ಅವನ ಕಂಪ್ಯೂಟರ್‌ನಲ್ಲೇ ಇದೆ. ಅವನು ತನ್ನ ಫೈಲ್ ತೆರೆದು, ಫೈಲ್ ಮೆನುವಿನ ಎಕ್ಸ್‌ಟರ್ನಲ್ ಡೇಟಾದಲ್ಲಿ ಪ್ಯಾಕ್ ರಿಸೋರ್ಸಸ್ ಒತ್ತಿ, ಸೇವ್ ಮಾಡಿ ಕಳಿಸಲಿ. ಚಿತ್ರಗಳು ಫೈಲ್‌ನೊಳಗೇ ಸೇರಿ ಫೈಲ್ ದಪ್ಪವಾಗುತ್ತದೆ, ಪರವಾಗಿಲ್ಲ. ಚಿತ್ರಗಳು ನಿಮ್ಮ ಹತ್ತಿರವೇ ಇದ್ದರೆ ಅದೇ ಜಾಗದಲ್ಲಿರುವ ಫೈಂಡ್ ಮಿಸ್ಸಿಂಗ್ ಫೈಲ್ಸ್‌ನಿಂದ ಆ ಫೋಲ್ಡರ್ ತೋರಿಸಿದರೆ ಸಾಕು.

ಅವನ ಆಕಾಶ, ಹಿನ್ನೆಲೆ ಬೆಳಕು ಕಲೆಕ್ಷನ್ ಜೊತೆ ಬರುವುದಿಲ್ಲ. ಬೇಕಿದ್ದರೆ ವರ್ಲ್ಡ್ ಫೋಲ್ಡರ್‌ನಿಂದ ಬೇರೆಯಾಗಿ ಅಪೆಂಡ್ ಮಾಡಿ, ವರ್ಲ್ಡ್ ಟ್ಯಾಬ್‌ನಲ್ಲಿ ಆರಿಸಿಕೊಳ್ಳಿ. ಮತ್ತೆ, ಇಬ್ಬರೂ ಒಂದೇ ಆವೃತ್ತಿಯ ಬ್ಲೆಂಡರ್ ಬಳಸಿ. ಹೊಸದರಲ್ಲಿ ಸೇವ್ ಮಾಡಿದ್ದನ್ನು ಹಳೆಯದರಲ್ಲಿ ತೆರೆದರೆ ಕೆಲವು ಸಂಗತಿ ಕಳೆದುಹೋಗಬಹುದು.