ಇಳಕಲ್ ಸೀರೆ ಅಂಗಡಿಯ ವೆಬ್‌ಸೈಟಿಗೆ ಮೆನು ಹೇಗಿರಬೇಕು?

ಮೆನು ಮೇಲಿರಬೇಕಾ, ಪಕ್ಕದಲ್ಲಾ, ಇಲ್ಲಾ ಮೂರು ಗೆರೆಯ ಗುರುತಿನ (☰) ಒಳಗೆ ಮುಚ್ಚಿಡಬೇಕಾ ಎಂದು ಕೇಳಿದ್ದೀರಿ. ಇಳಕಲ್ ಸೀರೆ ಅಂಗಡಿ, 150ರಷ್ಟು ಸೀರೆ, ಗಿರಾಕಿಗಳು ಹೆಚ್ಚಾಗಿ ಮೊಬೈಲಿನಲ್ಲೇ ನೋಡುವವರು ಎಂದೂ ಬರೆದಿದ್ದೀರಿ. ಡಿಸೈನರ್ ಕೊಟ್ಟ ಪಟ್ಟಿ ನೋಡಿದೆ: ಮುಖಪುಟ, ನಮ್ಮ ಬಗ್ಗೆ, ನಮ್ಮ ಧ್ಯೇಯ, ಉತ್ಪನ್ನಗಳು, ಸೇವೆಗಳು, ಗ್ಯಾಲರಿ, ಬ್ಲಾಗ್, ಸಂಪರ್ಕ. ಈ ಎಂಟರಲ್ಲಿ ಸೀರೆ ಅನ್ನೋ ಪದವೇ ಇಲ್ಲ. ಹಾಗಾಗಿ ಮೆನು ಎಲ್ಲಿರಬೇಕು ಅನ್ನೋದನ್ನು ಆಮೇಲೆ ನೋಡೋಣ. ಅದರಲ್ಲಿ ಏನಿರಬೇಕು ಅನ್ನೋದು ಮೊದಲು ಇತ್ಯರ್ಥ ಆಗಲಿ.

ಸಣ್ಣ ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಡೋದೇ ನನ್ನ ಕೆಲಸ. ನಿಮ್ಮಂಥದೇ ಒಂದು ಸೀರೆ ಅಂಗಡಿಗೆ ಮಾಡಿದಾಗ, ಮಾಲೀಕರು ಕಪಾಟಿನಲ್ಲಿ ಜೋಡಿಸಿದ ಹಾಗೆಯೇ ಮೆನು ಇಟ್ಟಿದ್ದೆ. ಮೊದಲು ನೂಲು, ಅದರೊಳಗೆ ದಡಿ (ಗೋಮಿ, ಚಿಕ್ಕಿಯಂಥ ಅಂಚಿನ ಬಗೆ), ಅದರೊಳಗೆ ಅಳತೆ. ನೋಡೋಕೆ ಅಚ್ಚುಕಟ್ಟಾಗಿತ್ತು. ಒಂದು ದಿನ ಗಿರಾಕಿಯೊಬ್ಬರ ಕೈಗೆ ಮೊಬೈಲ್ ಕೊಟ್ಟು, ನಿಮಗೆ ಬೇಕಾದ ಸೀರೆ ಹುಡುಕಿ ಅಂದೆ. ಅವರು 'ಹತ್ತಿ' ಒತ್ತಿದರು, ದಡಿ ಆರಿಸಿದರು, ಬಣ್ಣ ಹಿಡಿಸಲಿಲ್ಲ. ಹಿಂದೆ ಬಂದರು. 'ರೇಷ್ಮೆ' ಒತ್ತಿದರು, ಮತ್ತೆ ದಡಿ, ಮತ್ತೆ ಹಿಂದೆ. ಕೊನೆಗೆ ಮೊಬೈಲ್ ಕೆಳಗಿಟ್ಟು ಕೌಂಟರಿನ ಕಡೆ ತಿರುಗಿ, "ಗೋಮಿ ದಡಿದಾಗ ಹಸರು ಬಣ್ಣದ್ದು ಐತೇನ್ರಿ?" ಅಂತ ಕೇಳಿದರು. ಅವರು ನೂಲಿನ ಮಾತೇ ಎತ್ತಲಿಲ್ಲ. ನಾನು ಮೊದಲು ಕೇಳಿದ್ದೇ ನೂಲು.

ಒಂದರೊಳಗೊಂದು ಇಟ್ಟ ಮೆನುವಿನ ತೊಂದರೆ ಇದೇ. ಒಂದು ವಸ್ತುವಿಗೆ ಒಂದೇ ಜಾಗ ಇದ್ದಾಗ ಮಾತ್ರ ಅದು ಸರಿಹೋಗುತ್ತದೆ. ಇಳಕಲ್ ಸೀರೆಗೆ ಹಾಗಿಲ್ಲ. ಮೈ ಹತ್ತಿ, ಸೆರಗು ರೇಷ್ಮೆ ಇರೋ ಸೀರೆ ನಿಮ್ಮಲ್ಲೂ ಇರುತ್ತದೆ ಅಲ್ವಾ? ಅದನ್ನು ಯಾವ ಕಪಾಟಿಗೆ ಹಾಕ್ತೀರಿ? ಅದೇ ಸೀರೆ ಎಂಟು ಗಜದ್ದೂ ಹೌದು, ಚಿಕ್ಕಿ ದಡಿಯದ್ದೂ ಹೌದು, ಕೆಂಪು ಸೆರಗಿನದೂ ಹೌದು. ಇಂಥ ಕಡೆ ಮೆನು ಬೆಳೆಸಬೇಡಿ, ಫಿಲ್ಟರ್ ಇಡಿ. ಎಲ್ಲ ಸೀರೆಯೂ ಒಂದೇ ಪುಟದಲ್ಲಿರಲಿ. ಮೇಲೆ ದಡಿ, ಬಣ್ಣ, ಅಳತೆ, ನೂಲು, ಬೆಲೆ ಎಂಬ ಐದು ಗುಂಡಿ. ಯಾವುದನ್ನು ಮೊದಲು ಒತ್ತಿದರೂ ನಡೆಯಬೇಕು. 150 ಸೀರೆಗೆ ಇಷ್ಟು ಧಾರಾಳ ಸಾಕು. ಒಂದು ಸೂಕ್ಷ್ಮ ಇದೆ: ಸೀರೆ ತೆರೆದು ನೋಡಿ ಹಿಂದೆ ಬಂದಾಗ ಆರಿಸಿದ ಫಿಲ್ಟರ್ ಹಾಗೇ ಉಳಿದಿರಬೇಕು. ಅದು ಅಳಿಸಿಹೋದರೆ ಗಿರಾಕಿ ಮತ್ತೆ ಮೊದಲಿಂದ ಆರಿಸೋದಿಲ್ಲ, ಎದ್ದು ಹೋಗ್ತಾರೆ. ಡಿಸೈನರ್‌ಗೆ ಇದನ್ನು ಒತ್ತಿ ಹೇಳಿ.

ಈಗ ಮೆನುವಿಗೆ ಬರೋಣ. ನಾನಾದರೆ ಮೂರೇ ಹೆಸರು ಇಡ್ತೀನಿ: ಸೀರೆಗಳು, ಕಸೂತಿ, ಅಂಗಡಿ. ಕಸೂತಿ ಬೇರೆ ಯಾಕೆಂದರೆ ಅದನ್ನು ಹುಡುಕಿಕೊಂಡು ಬರುವವರೇ ಬೇರೆ, ಬೆಲೆಯೂ ಬೇರೆ. 'ಅಂಗಡಿ' ಪುಟದಲ್ಲಿ ವಿಳಾಸ, ಸಮಯ, ನಿಮ್ಮ ಮನೆತನದ ಕತೆ, ಸೆರಗನ್ನು ಮೈಗೆ ಕುಣಿಕೆ ಹಾಕಿ ಜೋಡಿಸುವ ತೋಪ್ ತೆನಿಯ ಹತ್ತಿರದ ಫೋಟೋ ಎಲ್ಲ ಬರಲಿ. ಆ ಕುಣಿಕೆಗಳು ಕಾಣುವ ಒಂದು ಫೋಟೋ 'ನಮ್ಮ ಧ್ಯೇಯ'ಕ್ಕಿಂತ ಎಷ್ಟೋ ಜಾಸ್ತಿ ಹೇಳುತ್ತದೆ. ಸಾಗಾಟ, ವಾಪಸಾತಿ ನಿಯಮ ಪುಟದ ಬುಡದಲ್ಲಿದ್ದರೆ ಸಾಕು, ಜನ ಅದನ್ನು ಹುಡುಕೋದೇ ಅಲ್ಲಿ.

ಮೂರು ಚಿಕ್ಕ ಪದ ಮೊಬೈಲಿನ ಅಗಲಕ್ಕೆ ಸಲೀಸಾಗಿ ಹಿಡಿಸುತ್ತವೆ. ಹಾಗಾಗಿ ಅವು ಮೇಲೆ, ಬಿಚ್ಚಿಟ್ಟಂತೆ ಇರಲಿ. ಮೂರು ಗೆರೆಯ ಗುರುತು ಬೇಡ. ಜನ ವೆಬ್‌ಸೈಟ್ ಹೇಗೆ ಬಳಸುತ್ತಾರೆ ಎಂದು ಅಧ್ಯಯನ ಮಾಡುವ ನೀಲ್ಸನ್ ನಾರ್ಮನ್ ಗ್ರೂಪ್ 2016ರಲ್ಲಿ ನಡೆಸಿದ ಪರೀಕ್ಷೆಯಲ್ಲೂ ಮುಚ್ಚಿಟ್ಟ ಮೆನುವನ್ನು ಜನ ಕಡಿಮೆ ಬಳಸಿದ್ದರು. ವಾಟ್ಸಾಪ್ ಗುಂಡಿ ಮಾತ್ರ ಕೆಳಗೆ, ಹೆಬ್ಬೆರಳಿಗೆ ಸಿಗುವ ಜಾಗದಲ್ಲಿ. ಕನ್ನಡದಲ್ಲಿ ಹೆಸರು ಇಡುವಾಗ ಸಾಲಿನ ಎತ್ತರ ಸ್ವಲ್ಪ ಹೆಚ್ಚಿಸಲು ಹೇಳಿ. ಇಲ್ಲದಿದ್ದರೆ ಒತ್ತಕ್ಷರದ ಬುಡ ಕತ್ತರಿಸಿಹೋಗುತ್ತದೆ.

ಮೆನುವಿನಲ್ಲಿ ಏಳಕ್ಕಿಂತ ಹೆಚ್ಚು ಇರಬಾರದಂತೆ, ನಿಜಾನಾ ಎಂದೂ ಕೇಳಿದ್ದೀರಿ. ಅದು ಮನಃಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1956ರಲ್ಲಿ ನೆನಪಿನ ಬಗ್ಗೆ ಹೇಳಿದ ಮಾತು. ಮೆನು ಕಣ್ಣ ಮುಂದೆಯೇ ಇರುತ್ತದೆ, ಯಾರೂ ಬಾಯಿಪಾಠ ಮಾಡಬೇಕಿಲ್ಲ. ಆ ಲೆಕ್ಕ ಬಿಟ್ಟುಬಿಡಿ.

ಇನ್ನೊಂದು ಮಾತು. ನಿಮ್ಮ ಗಿರಾಕಿಗಳಲ್ಲಿ ಬಹಳ ಜನ ಮುಖಪುಟಕ್ಕೆ ಬರೋದೇ ಇಲ್ಲ. ಅಕ್ಕನೋ ನಾದಿನಿಯೋ ವಾಟ್ಸಾಪಿನಲ್ಲಿ ಕಳಿಸಿದ ಲಿಂಕ್ ಒತ್ತಿ ಸೀದಾ ಒಂದು ಸೀರೆಯ ಪುಟಕ್ಕೆ ಬಂದು ಇಳಿಯುತ್ತಾರೆ. ಆ ಪುಟದ ಮೇಲೆ 'ಸೀರೆಗಳು › ಗೋಮಿ ದಡಿ' ಎಂಬ ದಾರಿ ಕಾಣಬೇಕು, ಕೆಳಗೆ ಅದೇ ದಡಿಯ ಬೇರೆ ನಾಲ್ಕು ಸೀರೆ ಇರಬೇಕು. ಸೀರೆ ಮಾರಿಹೋಗಿದ್ದರೂ ಪುಟ ತೆಗೆಯಬೇಡಿ. 'ಮಾರಾಟವಾಗಿದೆ' ಎಂದು ಬರೆದು ಆ ನಾಲ್ಕನ್ನು ತೋರಿಸಿ.

ಫಿಲ್ಟರಿನಲ್ಲಿ ಮೊದಲು ದಡಿ ಬರಬೇಕಾ, ಬಣ್ಣ ಬರಬೇಕಾ ಅನ್ನೋದನ್ನು ನಿಮ್ಮ ಗಿರಾಕಿಗಳೇ ಹೇಳ್ತಾರೆ. ಒಂದು ವಾರ ಕೌಂಟರಿನಲ್ಲಿ ನೋಟ್‌ಬುಕ್ ಇಟ್ಟುಕೊಳ್ಳಿ. ಬಂದವರು, ಫೋನ್ ಮಾಡಿದವರು ಕೇಳಿದ ಮೊದಲ ಮಾತನ್ನು ಅವರ ಬಾಯಲ್ಲಿ ಬಂದ ಹಾಗೇ ಬರೆಯಿರಿ. ಆ ಪುಟದ ಫೋಟೋ ಇಲ್ಲಿ ಹಾಕಿದರೆ ಗುಂಡಿಗಳ ಹೆಸರು, ಸರದಿ ಎರಡನ್ನೂ ಕೂತು ನೋಡಿ ಹೇಳ್ತೀನಿ.